ಶಂಕರಪುರದ ಒಂದು ಮನೆ ಕಂಪ್ಯೂಟರ್: ಫಾರ್ಮ್ಯಾಟ್‌ಗೆ ಮೊದಲು ನಡೆದ ಕೆಲಸ

ಉಡುಪಿಯಿಂದ ಮಂಗಳೂರು ಕಡೆ ಹೆದ್ದಾರಿಯಲ್ಲಿ ಬಂದು ಕಟಪಾಡಿಯಲ್ಲಿ ಒಳಗೆ ತಿರುಗಿದರೆ ಶಂಕರಪುರ. ಮಲ್ಲಿಗೆಯ ಊರು. ಇಲ್ಲಿ ಹೂವನ್ನು ಕಿಲೋ ಲೆಕ್ಕದಲ್ಲಿ ಮಾರುವುದಿಲ್ಲ. 800 ಮೊಗ್ಗು ಕಟ್ಟಿದರೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಟ್ಟೆಯ ದರ ದಿನಾ ಬದಲಾಗುತ್ತದೆ. ಈ ಪ್ರಕರಣದ ಮನೆಯವರು ಸುತ್ತಮುತ್ತಲ ಮನೆಗಳಿಂದ ಹೂ ತೆಗೆದುಕೊಂಡು ಮುಂದೆ ಕಳುಹಿಸುವವರು. ಯಾರು ಎಷ್ಟು ಚೆಂಡು ತಂದರು, ಅವತ್ತಿನ ದರ ಎಷ್ಟು, ಯಾರಿಗೆ ಎಷ್ಟು ಬಾಕಿ, ಎಲ್ಲವೂ ಎಕ್ಸೆಲ್‌ನಲ್ಲಿ. ಮನೆಗೆ ಇರುವುದು ಒಂದೇ ಕಂಪ್ಯೂಟರ್. ಬ್ಯಾಕಪ್ ಎಂಬುದು ಇರಲಿಲ್ಲ.

2025ರ ಆಟಿ ತಿಂಗಳಲ್ಲಿ (ತುಳುವರ ಲೆಕ್ಕದ ತಿಂಗಳು, ಜುಲೈ-ಆಗಸ್ಟ್ ನಡುವೆ) ಆ ಕಂಪ್ಯೂಟರ್ ಪೂರ್ತಿ ನಿಂತಿತು. ಆಟಿಯಲ್ಲಿ ಮದುವೆ ಇಲ್ಲ, ಹೂವಿಗೆ ಕೇಳುವವರು ಕಡಿಮೆ. ಆದರೆ ಮುಂದಿನ ತಿಂಗಳು ಸೋಣ ಬಂತು ಎಂದರೆ ಚೌತಿ, ಅಷ್ಟಮಿ ಅಂತ ಸಾಲಾಗಿ ಶುರು. ಅಷ್ಟರೊಳಗೆ ಹಳೆ ಬಾಕಿ ಚುಕ್ತಾ ಆಗಬೇಕಿತ್ತು. ಉಡುಪಿಯಲ್ಲಿ ಮನೆ ಕಂಪ್ಯೂಟರ್‌ಗಳ ರಿಪೇರಿ ನನ್ನ ಕೆಲಸ. ಮನೆಯ ಅಮ್ಮ ಫೋನಿನಲ್ಲಿ ಹೇಳಿದ್ದು ಇಷ್ಟು: ‘ಫಾರ್ಮ್ಯಾಟ್ ಮಾಡ್ಬಿಡಿ ಮಾರಾಯ್ರೆ, ಆದ್ರೆ ಲೆಕ್ಕ ಮಾತ್ರ ಹೋಗ್ಬಾರ್ದು.’

ಫಾರ್ಮ್ಯಾಟ್ ಎಂದರೆ ಡಿಸ್ಕ್‌ನಲ್ಲಿ ಇದ್ದದ್ದನ್ನೆಲ್ಲ ಅಳಿಸುವುದು. ಈ ಎರಡು ಮಾತು ಒಟ್ಟಿಗೆ ಆಗುವುದಿಲ್ಲ ಅಲ್ವಾ? ಆದರೆ ನಮ್ಮ ಕಡೆ ಹತ್ತರಲ್ಲಿ ಎಂಟು ಜನ ಹೀಗೇ ಹೇಳುತ್ತಾರೆ. ಇವರಿಗೂ ನೋಡಿದ ಒಬ್ಬರು ‘ವೈರಸ್, ಫಾರ್ಮ್ಯಾಟ್ ಹೊಡೀಬೇಕು’ ಎಂದು ಹೇಳಿ ಹೋಗಿದ್ದರಂತೆ. ಒಳಗೆ ವೈರಸ್ ಇರಲಿಲ್ಲ. ಇದ್ದದ್ದು ಬೇರೆ ಬೇರೆ ನಾಲ್ಕೈದು ತೊಂದರೆ, ಒಂದು ಇನ್ನೊಂದನ್ನು ತಂದದ್ದು.

ಯಂತ್ರ ಮತ್ತು ಅದರ ತೊಂದರೆಗಳು

2017ರಲ್ಲಿ ಜೋಡಿಸಿದ ಡೆಸ್ಕ್‌ಟಾಪ್. ಇಂಟೆಲ್ ಐ3-7100 ಪ್ರೊಸೆಸರ್, 4 ಜಿಬಿ ರ‍್ಯಾಮ್‌ನ ಒಂದೇ ಕಡ್ಡಿ, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಜೊತೆಗೆ 600 ವಿಎ ಯುಪಿಎಸ್. ಅದರ ಬ್ಯಾಟರಿ ಯಾವತ್ತೋ ಸತ್ತಿತ್ತು. ಹಾಗಾಗಿ ಯುಪಿಎಸ್ ಬರೀ ದುಬಾರಿ ಎಕ್ಸ್‌ಟೆನ್ಷನ್ ಬೋರ್ಡ್ ಆಗಿ ಕೂತಿತ್ತು. ಕರೆಂಟು ಹೋದ ಕೂಡಲೇ ಕಂಪ್ಯೂಟರ್ ಕೂಡ ಬಂದ್.

ಮನೆಯವರನ್ನು ಕೂರಿಸಿ, ಮೊದಲಿನಿಂದ ಏನೇನಾಯಿತು ಎಂದು ಕೇಳಿದೆ. ಈ ಕೆಲಸಕ್ಕೆ ಅರ್ಧ ಗಂಟೆ ಕೊಡುವುದು ಯಾವ ಸಾಫ್ಟ್‌ವೇರ್‌ಗಿಂತಲೂ ಜಾಸ್ತಿ ಉಪಯೋಗ. ಅವರು ಹೇಳಿದ ಕ್ರಮ ಹೀಗಿತ್ತು. ವರ್ಷದಿಂದ ನಿಧಾನ. ಟಾಸ್ಕ್ ಮ್ಯಾನೇಜರ್ ತೆರೆದರೆ ಡಿಸ್ಕ್ ಯಾವಾಗಲೂ 100 ಪರ್ಸೆಂಟ್. ಆಮೇಲೆ ದಿನಾ ಬೆಳಿಗ್ಗೆ ಗಡಿಯಾರ ಹಳೆ ತಾರೀಕಿಗೆ ಹೋಗತೊಡಗಿತು, ಬ್ಯಾಂಕಿನ ಸೈಟ್ ತೆರೆದರೆ ‘ಸಂಪರ್ಕ ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ. ಮಳೆ ಶುರುವಾದ ಮೇಲೆ ಆನ್ ಮಾಡಿದರೆ ಉದ್ದುದ್ದ ಬೀಪ್, ಪರದೆ ಕಪ್ಪು. ‘ಪಕ್ಕಕ್ಕೆ ಎರಡು ಬಡಿದ್ರೆ ಬರ್ತಿತ್ತು’ ಎಂದ ಮನೆಯ ಮಗ. ನಂತರ ಅರ್ಧ ಗಂಟೆ ಓಡಿ ತನ್ನಷ್ಟಕ್ಕೆ ಆಫ್ ಆಗುವುದು. ಕೊನೆಗೆ ನೀಲಿ ಪರದೆ. ಅದರಲ್ಲಿ ‘ಕರ್ನಲ್ ಡೇಟಾ ಇನ್‌ಪೇಜ್ ಎರರ್’ ಎಂದಿತ್ತು. ಅವನು ಫೋನಿನಲ್ಲಿ ಫೋಟೋ ತೆಗೆದಿಟ್ಟಿದ್ದ, ಪುಣ್ಯ. ಅಲ್ಲಿಂದ ಮುಂದೆ ‘ಆಟೊಮ್ಯಾಟಿಕ್ ರಿಪೇರಿ’ ಸುತ್ತು. ಬೂಟ್ ಆಗುತ್ತದೆ, ರಿಪೇರಿ ಎನ್ನುತ್ತದೆ, ಮತ್ತೆ ಬೂಟ್.

ನಡುವೆ ಇನ್ನೊಂದು ನಡೆದಿತ್ತು. ನಿಧಾನ ಆಯಿತೆಂದು ಮಗ ಒಂದು ಪಿಸಿ ಕ್ಲೀನರ್ ಹಾಕಿದ್ದ. ಅದು ನೂರಾರು ‘ಎರರ್’ ತೋರಿಸಿ ಹಣ ಕೇಳಿತು, ಕೊಟ್ಟೂ ಆಯಿತು. ರಿಜಿಸ್ಟ್ರಿ ಎಂದರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ದಾಖಲೆ. ಅದನ್ನು ಕ್ಲೀನ್ ಮಾಡುವ ಇಂಥ ಸಾಫ್ಟ್‌ವೇರ್‌ಗಳನ್ನು ತಾನು ಬೆಂಬಲಿಸುವುದಿಲ್ಲ ಎಂದು ಮೈಕ್ರೋಸಾಫ್ಟ್ ಕಂಪನಿಯೇ ಹೇಳಿದೆ. ಜಾಗ ಉಳಿಸುವ ಹೆಸರಿನಲ್ಲಿ ಆ ಕ್ಲೀನರ್ ಹಳೆ ರಿಸ್ಟೋರ್ ಪಾಯಿಂಟ್‌ಗಳನ್ನೂ (ವಿಂಡೋಸನ್ನು ಹಿಂದಿನ ಸ್ಥಿತಿಗೆ ತರಲು ಇಟ್ಟ ಪ್ರತಿಗಳು) ಅಳಿಸಿತ್ತು. ಅದು ಆಮೇಲೆ ಗೊತ್ತಾಯಿತು.

ಮೊದಲು ಡಿಸ್ಕ್ ಹೊರಗೆ

ನೀಲಿ ಪರದೆಯ ಆ ಹೆಸರು ಒಂದು ಸುಳಿವು. ವಿಂಡೋಸ್ ತನ್ನ ನೆನಪಿನ ಸ್ವಲ್ಪ ಭಾಗವನ್ನು ಡಿಸ್ಕ್‌ನಲ್ಲಿ ಪೇಜ್ ಫೈಲ್ ಎಂದು ಇಡುತ್ತದೆ. ಬೇಕಾದಾಗ ಅಲ್ಲಿಂದ ಓದಿ ತರುತ್ತದೆ. ಓದಲು ಆಗದಿದ್ದರೆ ಈ ಎರರ್. ಕಾರಣ ಕೆಟ್ಟ ಸೆಕ್ಟರ್ (ಡಿಸ್ಕ್‌ನ ಒಂದು ಸಣ್ಣ ತುಂಡು ಜಾಗ) ಇರಬಹುದು, ಸಡಿಲ ಕೇಬಲ್ ಇರಬಹುದು, ರ‍್ಯಾಮ್ ಕೂಡ ಇರಬಹುದು. ವರ್ಷದಿಂದ ಡಿಸ್ಕ್ 100 ಪರ್ಸೆಂಟ್ ಎಂದಾಗ ನನಗೆ ಮೊದಲ ಅನುಮಾನ ಡಿಸ್ಕ್ ಮೇಲೆಯೇ.

ಡಿಸ್ಕ್ ಸಾಯುತ್ತಿದೆ ಎಂಬ ಅನುಮಾನ ಬಂದರೆ ಮಾಡಬಾರದ್ದು ಮೂರು. ಪದೇಪದೇ ಆನ್ ಮಾಡಿ ನೋಡಬಾರದು. ಚೆಕ್ ಡಿಸ್ಕ್ ಓಡಿಸಬಾರದು. ‘ರಿಸೆಟ್ ದಿಸ್ ಪಿಸಿ’ ಒತ್ತಬಾರದು, ‘ನನ್ನ ಫೈಲ್ ಉಳಿಸು’ ಎಂಬ ಆಯ್ಕೆ ಅಲ್ಲಿ ಇದ್ದರೂ ಸಹ. ಚೆಕ್ ಡಿಸ್ಕ್ ಇರುವುದು ಫೈಲ್ ವ್ಯವಸ್ಥೆಯನ್ನು ಸರಿ ಮಾಡಲಿಕ್ಕೆ. ನಿಮ್ಮ ಫೈಲ್ ಉಳಿಸುವುದು ಅದರ ಕೆಲಸ ಅಲ್ಲ. ಓದಲಾಗದ ದಾಖಲೆ ಸಿಕ್ಕರೆ ಅದನ್ನು ಕಿತ್ತುಹಾಕಿ ‘ಸರಿ ಆಯಿತು’ ಎನ್ನುತ್ತದೆ. ಮೇಲಾಗಿ ಇಡೀ ಡಿಸ್ಕ್ ಗೀಚಿ ಓದುವ ಶ್ರಮ ಬೇರೆ. ರಿಸೆಟ್ ಕೂಡ ಅದೇ ಹಾಳಾದ ಡಿಸ್ಕ್ ಮೇಲೆ ಹೊಸ ವಿಂಡೋಸ್ ಬರೆಯಲು ಹೊರಡುತ್ತದೆ. ಆಟೊಮ್ಯಾಟಿಕ್ ರಿಪೇರಿ ಸುತ್ತುತ್ತಿರುವಷ್ಟು ಹೊತ್ತೂ ಒಳಗೆ ಇಂಥದ್ದೇ ನಡೆಯುತ್ತಿರುತ್ತದೆ.

ಹಾಗಾಗಿ ಕ್ಯಾಬಿನೆಟ್ ತೆರೆದು ಡಿಸ್ಕನ್ನು ಬಿಚ್ಚಿ ಅಂಗಡಿಗೆ ತಂದೆ. ವಿಂಡೋಸ್ ಬದಲು ಲಿನಕ್ಸ್ ಓಡುವ ಕಂಪ್ಯೂಟರ್‌ಗೆ ಸಿಕ್ಕಿಸಿ, ಮೌಂಟ್ ಮಾಡದೆ, ಅಂದರೆ ಒಳಗಿನ ಫೈಲ್‌ಗಳನ್ನು ತೆರೆಯದೆ, ಬರೀ ಸ್ಮಾರ್ಟ್ ದಾಖಲೆ ಓದಿಸಿದೆ. ಸ್ಮಾರ್ಟ್ ಎಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಡುವ ಪಟ್ಟಿ. ವಿಂಡೋಸ್‌ನಲ್ಲಿ ಇದನ್ನೇ ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ಸಾಫ್ಟ್‌ವೇರ್ ತೋರಿಸುತ್ತದೆ. ಮನೆಯಲ್ಲಿ ಯಾರು ಬೇಕಾದರೂ ಹಾಕಿ ನೋಡಬಹುದು. ಅದರಲ್ಲಿ ನೀಲಿ ಇದ್ದರೆ ಸರಿ, ಹಳದಿ ಬಂದರೆ ಅವತ್ತೇ ನಕಲು ತೆಗೆಯಿರಿ. ನೋಡಬೇಕಾದ ಸಾಲು ನಾಲ್ಕು. 05 ಎಂದರೆ ಡಿಸ್ಕ್ ಕೈಬಿಟ್ಟು ಬೇರೆ ಕಡೆ ಬದಲಿ ಕೊಟ್ಟ ಸೆಕ್ಟರ್‌ಗಳು. ಸಿ5 ಎಂದರೆ ಓದಲು ಕಷ್ಟವಾಗಿ ತೀರ್ಮಾನಕ್ಕೆ ಕಾದಿರುವವು. ಸಿ6 ಎಂದರೆ ಓದಲಾಗದವು. ಸಿ7 ಏರುತ್ತಾ ಹೋದರೆ ತಪ್ಪು ಹೆಚ್ಚಾಗಿ ಕೇಬಲ್‌ದು. ಇಲ್ಲಿ ಸಿ7 ಸೊನ್ನೆ. ಸಿ5 ಮಾತ್ರ ನೂರು ದಾಟಿತ್ತು. ಕೇಬಲ್ ಬದಲಾಯಿಸಿ ಕೈತೊಳೆದುಕೊಳ್ಳುವ ಆಸೆ ಅಲ್ಲಿಗೆ ಮುಗಿಯಿತು.

ಡಿಸ್ಕ್ ಟಕ್ ಟಕ್ ಎನ್ನುತ್ತಿರಲಿಲ್ಲ. ಅದು ಮುಖ್ಯ. ಟಕ್ ಟಕ್ ಸದ್ದು ಬಂದರೆ ಒಳಗಿನ ಹೆಡ್ ಹೋಗಿದೆ ಎಂದೇ ಇಟ್ಟುಕೊಳ್ಳಬೇಕು. ಆಗ ಕರೆಂಟು ತೆಗೆದು, ಡೇಟಾ ತೆಗೆಯುವ ಲ್ಯಾಬ್‌ಗೆ ಕಳುಹಿಸುವುದೊಂದೇ ದಾರಿ. ಮನೆಯಲ್ಲಿ ಸ್ಕ್ರೂ ಬಿಚ್ಚಿ ನೋಡಿದರೆ ಕಥೆ ಮುಗಿಯಿತು. ಡಿಸ್ಕ್ ತಿರುಗುವಾಗ ಹೆಡ್ ಅದರ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ಹಾರುತ್ತಿರುತ್ತದೆ. ಒಂದು ಧೂಳಿನ ಕಣ ಅದಕ್ಕೆ ಗುಡ್ಡ.

ನಕಲಿಗೆ ಬಳಸಿದ್ದು ಗ್ನೂ ಡಿಡಿರೆಸ್ಕ್ಯೂ. ಉಚಿತ, ಹಳೆಯ, ನಂಬಬಹುದಾದ ಸಾಧನ. ಸಾಮಾನ್ಯ ಕಾಪಿ ಕೆಟ್ಟ ಜಾಗ ಸಿಕ್ಕಲ್ಲೇ ನಿಂತು ಒದ್ದಾಡುತ್ತದೆ. ಇದು ಹಾಗಲ್ಲ. ಗದ್ದೆಯಲ್ಲಿ ಒಣ ಜಾಗದ ಪೈರನ್ನು ಮೊದಲು ಕೊಯ್ದು ಕೆಸರಿನ ಮೂಲೆಗೆ ಕೊನೆಗೆ ಇಳಿಯುವ ಹಾಗೆ, ಓದಲು ಸುಲಭವಾದ ಜಾಗವನ್ನೆಲ್ಲ ಮೊದಲು ನಕಲು ಮಾಡುತ್ತದೆ. ಕೆಟ್ಟ ಜಾಗಗಳನ್ನು ಒಂದು ಮ್ಯಾಪ್ ಫೈಲ್‌ನಲ್ಲಿ ಗುರುತು ಹಾಕಿ ಮುಂದೆ ಹೋಗುತ್ತದೆ. ನಂತರ ತಿರುಗಿ ಬಂದು ಅವುಗಳನ್ನು ಚೂರುಚೂರಾಗಿ ಪ್ರಯತ್ನಿಸುತ್ತದೆ. ನಡುವೆ ಕರೆಂಟು ಹೋದರೂ ಮ್ಯಾಪ್ ಫೈಲ್ ಇದ್ದರೆ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ನಕಲು ಹೋಗುವ ಡಿಸ್ಕ್ ಮೂಲದಷ್ಟೇ ಇಲ್ಲವೇ ಅದಕ್ಕಿಂತ ದೊಡ್ಡದಿರಬೇಕು. ಯಾವುದು ಮೂಲ, ಯಾವುದು ಗುರಿ ಎಂದು ಕೊಡುವಾಗ ಅದಲುಬದಲಾದರೆ ಖಾಲಿ ಡಿಸ್ಕ್ ಹೋಗಿ ತುಂಬಿದ ಡಿಸ್ಕ್ ಮೇಲೆ ಕೂರುತ್ತದೆ. ಆದ್ದರಿಂದ ಡಿಸ್ಕ್‌ನ ಸೀರಿಯಲ್ ನಂಬರ್ ಓದಿ ನೋಡಿಯೇ ಎಂಟರ್ ಒತ್ತುವುದು.

ಒಳ್ಳೆಯ ಸ್ಥಿತಿಯ 1 ಟಿಬಿ ಡಿಸ್ಕ್ ಎರಡು ಮೂರು ಗಂಟೆಯಲ್ಲಿ ನಕಲಾಗುತ್ತದೆ. ಇದು ರಾತ್ರಿ ಪೂರ್ತಿ ಮತ್ತು ಮರುದಿನವೂ ಓಡಿತು. ಪಕ್ಕದಲ್ಲಿ ಒಂದು ಫ್ಯಾನ್ ಇಟ್ಟಿದ್ದೆ, ಡಿಸ್ಕ್ ಬಿಸಿಯಾಗಬಾರದೆಂದು. ಕೊನೆಗೆ ಸಿಗದೆ ಉಳಿದದ್ದು ಕೆಲವು ನೂರು ಕಿಲೋಬೈಟ್ ಮಾತ್ರ. ಇಡೀ ಡಿಸ್ಕ್‌ನಲ್ಲಿ ಅದು ಏನೂ ಅಲ್ಲ. ಆದರೆ ಆ ಕಿಲೋಬೈಟ್ ಯಾವ ಫೈಲ್‌ನಲ್ಲಿದೆ ಎಂಬುದು ಮುಖ್ಯ. ಅದಕ್ಕೊಂದು ದಾರಿ ಇದೆ. ನಕಲಿನಲ್ಲಿ ಸಿಗದ ಜಾಗಗಳಿಗೆ ಒಂದು ವಿಚಿತ್ರ ಪದ ತುಂಬಿಸುವುದು, ಆಮೇಲೆ ಆ ಪದ ಯಾವ ಫೈಲ್‌ಗಳಲ್ಲಿದೆ ಎಂದು ಹುಡುಕುವುದು. ಹಾಗೆ ಹುಡುಕಿದಾಗ ಸಿಕ್ಕಿದ್ದು: ಪೇಜ್ ಫೈಲ್, ವಿಂಡೋಸ್‌ನ ರಿಜಿಸ್ಟ್ರಿಯ ಒಂದು ಮುಖ್ಯ ಫೈಲ್, ಮಗಳ ಮದುವೆಯ ಒಂದೆರಡು ಫೋಟೋ, ಮತ್ತು ಆ ವರ್ಷದ ಮಲ್ಲಿಗೆ ಲೆಕ್ಕದ ಎಕ್ಸೆಲ್.

ನೀಲಿ ಪರದೆಗೂ ಬೂಟ್ ಸುತ್ತಿಗೂ ಇಲ್ಲಿ ಉತ್ತರ ಸಿಕ್ಕಿತು. ಹಿಂದೆ ವಿಂಡೋಸ್ 10 ರಿಜಿಸ್ಟ್ರಿಯ ಒಂದು ಪ್ರತಿಯನ್ನು ತಾನಾಗಿ ರೆಗ್‌ಬ್ಯಾಕ್ ಎಂಬ ಫೋಲ್ಡರ್‌ನಲ್ಲಿ ಇಡುತ್ತಿತ್ತು. 1803 ಆವೃತ್ತಿಯಿಂದ ಅದು ನಿಂತಿದೆ. ಫೋಲ್ಡರ್ ಇದೆ, ಒಳಗೆ ಫೈಲ್‌ಗಳೂ ಕಾಣುತ್ತವೆ, ಗಾತ್ರ ಸೊನ್ನೆ. ಉಳಿದ ದಾರಿ ಸಿಸ್ಟಮ್ ರಿಸ್ಟೋರ್. ಅದನ್ನು ಕ್ಲೀನರ್ ನುಂಗಿತ್ತು.

ಎಕ್ಸೆಲ್ ಫೈಲ್ ಬಗ್ಗೆ ಒಂದು ಮಾತು. ಈಗಿನ ಎಕ್ಸೆಲ್ ಫೈಲ್ ನಿಜಕ್ಕೂ ಒಂದು ಜಿಪ್ ಕಟ್ಟು. ಒಳಗೆ ಪ್ರತಿ ಶೀಟ್‌ಗೆ ಬೇರೆ ಫೈಲ್. ಒಂದು ಕಡೆ ಹಾಳಾದರೆ ಇಡೀ ಫೈಲ್ ತೆರೆಯುವುದಿಲ್ಲ, ಆದರೆ ಬಿಚ್ಚಿದರೆ ಹಾಳಾಗದ ಶೀಟ್‌ಗಳು ಸಿಗುತ್ತವೆ. ಇಲ್ಲೂ ಎಕ್ಸೆಲ್‌ನ ‘ಓಪನ್ ಅಂಡ್ ರಿಪೇರ್’ನಿಂದ ಒಂದು ಶೀಟ್ ಬಿಟ್ಟು ಉಳಿದದ್ದು ಬಂತು. ಹೋದದ್ದು ಮೇ ತಿಂಗಳ ಶೀಟ್. ಮದುವೆ ಸೀಸನ್, ದರ ಏರಿದ ತಿಂಗಳು! ಹೂ ತಂದವರಿಗೆ ಕೊಟ್ಟ ಚೀಟಿಗಳ ಅಡಿಪ್ರತಿ ಮನೆಯಲ್ಲಿತ್ತು. ಅದನ್ನು ನೋಡಿ ಅಮ್ಮ ಮತ್ತೆ ಟೈಪ್ ಮಾಡಿದರು. ಕಾಗದದ ಚೀಟಿ ಹಳೆಯ ಕಾಲದ್ದು ಎಂದು ಮಗ ಅದನ್ನು ನಿಲ್ಲಿಸಲು ಹೊರಟಿದ್ದನಂತೆ.

ಕ್ಯಾಬಿನೆಟ್ ಒಳಗೆ

ಡಿಸ್ಕ್ ನಕಲಾಗುತ್ತಿರುವಾಗ ಇತ್ತ ಸ್ವಚ್ಛತೆ. ಕ್ಯಾಬಿನೆಟ್ ಇದ್ದ ಜಾಗವೇ ಅರ್ಧ ಕಥೆ ಹೇಳುತ್ತಿತ್ತು. ಹೂ ಕಟ್ಟುವ ಚಾವಡಿಯ ಮೂಲೆ, ನೆಲದ ಮೇಲೆ. ಮಲ್ಲಿಗೆ ಕಟ್ಟಲು ಬಾಳೆನಾರು ಬೇಕು, ನಾರನ್ನು ನೀರಿನಲ್ಲಿ ನೆನೆಸಿ ಇಡುತ್ತಾರೆ. ಹೂವಿಗೂ ನೀರು ಚಿಮುಕಿಸುತ್ತಾರೆ. ಅದರ ಮೇಲೆ ಕರಾವಳಿಯ ಮಳೆಗಾಲ. ಸಮುದ್ರವೂ ತುಂಬಾ ದೂರ ಇಲ್ಲ, ಗಾಳಿಯಲ್ಲಿ ಉಪ್ಪು. ಬೇಸಿಗೆಯಲ್ಲಿ ಮುರಕಲ್ಲಿನ ಕೆಂಪು ಧೂಳು. ಘಟ್ಟದ ಮೇಲಿನ ಊರುಗಳಲ್ಲಿ ಧೂಳು ಬರೀ ಗಾಳಿ ತಡೆಯುತ್ತದೆ. ನಮ್ಮಲ್ಲಿ ಅದೇ ಧೂಳು ತೇವ ಮತ್ತು ಉಪ್ಪನ್ನು ಹಿಡಿದುಕೊಂಡು ಬೋರ್ಡ್ ಮೇಲೆ ಅಂಟುತ್ತದೆ, ಸಣ್ಣಗೆ ಕರೆಂಟನ್ನೂ ಹರಿಸುತ್ತದೆ, ಲೋಹವನ್ನೂ ತಿನ್ನುತ್ತದೆ.

ಬೀಪ್‌ನ ಕಾರಣ ಇಲ್ಲೇ. ರ‍್ಯಾಮ್ ಕಡ್ಡಿಯ ಅಂಚಿನ ಹಳದಿ ಪಟ್ಟಿಗಳ ಮೇಲೆ ತೆಳು ಚಿನ್ನದ ಲೇಪ ಇರುತ್ತದೆ. ಚಿನ್ನಕ್ಕೆ ತುಕ್ಕು ಹಿಡಿಯುವುದಿಲ್ಲ. ಆದರೆ ಲೇಪ ಎಷ್ಟು ತೆಳುವೆಂದರೆ ಅದರಲ್ಲಿ ಕಣ್ಣಿಗೆ ಕಾಣದ ತೂತುಗಳಿರುತ್ತವೆ. ಕೆಳಗಿನ ನಿಕಲ್ ಮತ್ತು ತಾಮ್ರ ಆ ತೂತುಗಳಿಂದ ಹೊರಬಂದು ಪದರ ಕಟ್ಟುತ್ತವೆ. ಕ್ಯಾಬಿನೆಟ್‌ಗೆ ಬಡಿದಾಗ ಕಡ್ಡಿ ಒಂದು ಕೂದಲೆಳೆ ಜರುಗಿ ಸಂಪರ್ಕ ಸಿಗುತ್ತಿತ್ತು. ಹಾರ್ಡ್ ಡಿಸ್ಕ್ ಹೇಗೆ ಕೆಲಸ ಮಾಡುತ್ತದೆಂದು ಮೇಲೆ ಹೇಳಿದ್ದೇನೆ. ಆನ್ ಇರುವ ಯಂತ್ರಕ್ಕೆ ಬಡಿದರೆ ಆ ಡಿಸ್ಕ್‌ಗೆ ಏನಾಗಬಹುದು ಎಂದು ಬಿಡಿಸಿ ಹೇಳಬೇಕಿಲ್ಲ. ಡಿಸ್ಕ್ ಹಾಳಾಗಲು ವಯಸ್ಸೂ ಕಾರಣ, ಕರೆಂಟು ಹೋದಾಗಲೆಲ್ಲ ಧಡಕ್ಕನೆ ನಿಂತದ್ದೂ ಕಾರಣ. ಬಡಿತದ ಪಾಲೂ ಇದೆ ಎಂದೇ ನನ್ನ ಅಭಿಪ್ರಾಯ.

ಮದ್ದು ಸಣ್ಣದು. ಪ್ಲಗ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಉಳಿದ ಚಾರ್ಜ್ ಇಳಿಸಿ, ಲೋಹ ಮುಟ್ಟಿ ಮೈಯ ಸ್ಥಿರ ವಿದ್ಯುತ್ ಕಳೆದುಕೊಂಡು, ಕಡ್ಡಿ ತೆಗೆಯುವುದು. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಪಟ್ಟಿಗಳನ್ನು ಒರೆಸುವುದು. 99 ಪರ್ಸೆಂಟ್‌ನದ್ದೇ ಬೇಕು. ಕೈಗೆ ಹಾಕುವ ಸ್ಯಾನಿಟೈಸರ್‌ನಲ್ಲಿ ನೀರಿನ ಜೊತೆ ಬೇರೆ ಏನೇನೋ ಸೇರಿರುತ್ತದೆ, ಅದು ಬೇಡ. ಪೆನ್ಸಿಲ್ ರಬ್ಬರ್‌ನಿಂದ ಉಜ್ಜುವವರು ನಮ್ಮಲ್ಲಿ ಜಾಸ್ತಿ. ಕೆಲಸ ಆಗುತ್ತದೆ, ಆದರೆ ಉಜ್ಜಿದಷ್ಟೂ ಆ ತೆಳು ಚಿನ್ನ ಹೋಗುತ್ತದೆ, ಮುಂದಿನ ಮಳೆಗಾಲಕ್ಕೆ ಪದರ ಇನ್ನೂ ಬೇಗ ಕಟ್ಟುತ್ತದೆ. ಒರೆಸಿ, ಒಣಗಿಸಿ, ಎರಡೂ ಕಡೆ ಲಾಕ್ ಕೂರುವವರೆಗೆ ಒತ್ತಿದ ಮೇಲೆ ಬೀಪ್ ನಿಂತಿತು. ಮೆಮ್‌ಟೆಸ್ಟ್ ಓಡಿಸಿದೆ, ತಪ್ಪು ಬರಲಿಲ್ಲ. ನೀಲಿ ಪರದೆಗೆ ರ‍್ಯಾಮ್ ಕಾರಣವೇ ಎಂಬ ಅನುಮಾನವೂ ಹೋಯಿತು.

ಅರ್ಧ ಗಂಟೆಗೆ ಆಫ್ ಆಗುವುದು ಬಿಸಿಯ ಲಕ್ಷಣ. ಡಿಸ್ಕ್ ಇಲ್ಲದೆಯೇ ಬಯೋಸ್‌ಗೆ (ವಿಂಡೋಸ್‌ಗೆ ಮೊದಲೇ ಓಡುವ, ಮದರ್‌ಬೋರ್ಡ್‌ನ ಸ್ವಂತ ಸಾಫ್ಟ್‌ವೇರ್) ಹೋಗಿ ಹಾರ್ಡ್‌ವೇರ್ ಮಾನಿಟರ್ ಪುಟ ತೆರೆದಿಟ್ಟೆ. ಏನೂ ಕೆಲಸ ಇಲ್ಲದ ಪ್ರೊಸೆಸರ್ ನೋಡುತ್ತಿದ್ದಂತೆ 90 ಡಿಗ್ರಿ ದಾಟಿತು. ಈ ಪ್ರೊಸೆಸರ್‌ನ ಮಿತಿ 100. ಅಲ್ಲಿಗೆ ಹತ್ತಿರ ಬಂದರೆ ಅದು ಮೊದಲು ತನ್ನ ವೇಗ ಇಳಿಸುತ್ತದೆ, ಆಮೇಲೂ ತಣಿಯದಿದ್ದರೆ ಆಫ್. ಅಂದರೆ ‘ನಿಧಾನ’ ಎಂಬ ದೂರಿನಲ್ಲಿ ಇದರ ಪಾಲೂ ಇತ್ತು. ಫ್ಯಾನ್ ಎತ್ತಿದರೆ, ಪ್ರೊಸೆಸರ್‌ನ ಬಿಸಿ ಎಳೆಯುವ ಲೋಹದ ಹೀಟ್‌ಸಿಂಕ್‌ನ ಸಂದುಗಳಲ್ಲಿ ಧೂಳು ಗಟ್ಟಿಯಾಗಿ ಕೂತಿತ್ತು. ನಾಲ್ಕು ಪ್ಲಾಸ್ಟಿಕ್ ಪಿನ್‌ಗಳಲ್ಲಿ ಒಂದು ಮೇಲೆದ್ದಿತ್ತು. ಪ್ರೊಸೆಸರ್‌ನಿಂದ ಹೀಟ್‌ಸಿಂಕ್‌ಗೆ ಬಿಸಿ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿ ಪುಡಿ.

ಧೂಳು ತೆಗೆಯಲು ಬ್ಲೋವರ್ ಸಾಕು. ಆದರೆ ಗಾಳಿ ಬಿಡುವಾಗ ಫ್ಯಾನಿನ ಎಲೆಯನ್ನು ಬೆರಳಲ್ಲಿ ಹಿಡಿದಿರಬೇಕು. ಇಲ್ಲದಿದ್ದರೆ ಅದು ಮಿತಿ ಮೀರಿ ತಿರುಗಿ ಬೇರಿಂಗ್ ಹೋಗುತ್ತದೆ, ಜೊತೆಗೆ ತಾನೇ ಸಣ್ಣ ಜನರೇಟರ್ ಆಗಿ ಬೋರ್ಡ್‌ಗೆ ಕರೆಂಟು ಕಳುಹಿಸುತ್ತದೆ. ಮನೆಯ ವ್ಯಾಕ್ಯೂಮ್ ಕ್ಲೀನರ್ ಒಳಗೆ ಹಾಕಬೇಡಿ, ಅದರ ಮೂತಿಯಲ್ಲಿ ಸ್ಥಿರ ವಿದ್ಯುತ್ ಕೂಡುತ್ತದೆ. ಒದ್ದೆ ಬಟ್ಟೆ ಹೊರಮೈಗೆ ಮಾತ್ರ. ಹಳೆ ಪೇಸ್ಟ್ ಪೂರ್ತಿ ಒರೆಸಿ, ಹೊಸದನ್ನು ಸ್ವಲ್ಪವೇ ಹಾಕಿ, ಪಿನ್‌ಗಳನ್ನು ಎದುರುಬದುರು ಜೋಡಿಯಾಗಿ ಒತ್ತಿದೆ. ಜಾಸ್ತಿ ಪೇಸ್ಟ್ ಹಾಕಿದರೆ ಒಳ್ಳೆಯದಲ್ಲ, ಅಂಚಿನಿಂದ ಸೋರುತ್ತದೆ ಅಷ್ಟೇ. ನಂತರ ಅದೇ ಬಯೋಸ್ ಪುಟದಲ್ಲಿ 45ರ ಆಸುಪಾಸು ನಿಂತಿತು.

ಕಂಪ್ಯೂಟರ್‌ಗೆ ಕರೆಂಟು ಹಂಚುವ ಡಬ್ಬಿ ಎಸ್‌ಎಂಪಿಎಸ್. ಅದರ ಒಳಗೆ ಇರುವೆ ಗೂಡು. ಜಾಲರಿಯಿಂದಲೇ ಮಣ್ಣು ಕಾಣುತ್ತಿತ್ತು. ಅದನ್ನು ಬಿಚ್ಚಿ ಕ್ಲೀನ್ ಮಾಡಲು ಹೋಗಲಿಲ್ಲ, ಹೊಸದು ಹಾಕಿದೆ. 230 ವೋಲ್ಟ್ ಅಲ್ಲಿ 300ಕ್ಕೂ ಮೇಲಿನ ಡಿಸಿ ಆಗಿ ಕೆಪಾಸಿಟರ್‌ನಲ್ಲಿ ನಿಲ್ಲುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು. ಮನೆಯಲ್ಲಿ ಯಾರೂ ಆ ಡಬ್ಬಿ ತೆರೆಯಬಾರದು.

ಗಡಿಯಾರದ ತೊಂದರೆಗೆ ಸಿಆರ್ 2032 ಎಂಬ ಬಿಲ್ಲೆ ಬ್ಯಾಟರಿ. ಹೊಸದಿದ್ದಾಗ 3 ವೋಲ್ಟ್ ಚಿಲ್ಲರೆ. ಅದು ಸತ್ತರೆ ತಾರೀಕು ಹಿಂದೆ ಹೋಗುತ್ತದೆ. ತಾರೀಕು ತಪ್ಪಿದ್ದರೆ ಸೈಟ್‌ಗಳ ಪ್ರಮಾಣಪತ್ರದ ಅವಧಿ ತಾಳೆಯಾಗುವುದಿಲ್ಲ, ಬ್ಯಾಂಕಿನ ಪುಟ ಸುರಕ್ಷಿತವಲ್ಲ ಎನ್ನುತ್ತದೆ. ‘ವೈರಸ್’ ಎಂದವರಿಗೆ ಈ ಎಚ್ಚರಿಕೆಯೇ ಸಾಕ್ಷಿಯಾಗಿತ್ತಂತೆ.

ಕೈಗೆ ಜುಮ್ ಎಂದದ್ದು

ಬರಿಗಾಲಲ್ಲಿ ಕ್ಯಾಬಿನೆಟ್ ಮುಟ್ಟಿದರೆ ಜುಮ್ ಎನ್ನುತ್ತಿತ್ತು. ‘ಅದು ಮೊದಲಿಂದ್ಲೂ ಉಂಟು’ ಎಂದರು, ಬಹಳ ಸಲೀಸಾಗಿ. ಎಸ್‌ಎಂಪಿಎಸ್ ಬಾಗಿಲಲ್ಲಿ ಫೇಸ್ ಮತ್ತು ನ್ಯೂಟ್ರಲ್ ಎರಡರಿಂದಲೂ ಲೋಹದ ಮೈಗೆ ಸಣ್ಣ ಕೆಪಾಸಿಟರ್‌ಗಳಿರುತ್ತವೆ, ಕರೆಂಟಿನ ಗಲಾಟೆಯನ್ನು ಅರ್ತ್‌ಗೆ ಇಳಿಸಲು. ಅರ್ತ್ ಇಲ್ಲದಿದ್ದರೆ ಸಪ್ಲೈನ ಅರ್ಧದಷ್ಟು ವೋಲ್ಟೇಜ್ ಮೈಮೇಲೆ ಕಾಣುತ್ತದೆ. ಕರೆಂಟು ತೀರಾ ಕಡಿಮೆ, ಹಾಗಾಗಿ ಬರೀ ಜುಮ್. ಆದರೆ ಒಳಗೆ ಬೇರೇನಾದರೂ ಶಾರ್ಟ್ ಆದ ದಿನ ಅದನ್ನು ಒಯ್ಯಲು ದಾರಿಯೇ ಇಲ್ಲ ಎಂದು ಅರ್ಥ. ಮತ್ತೆ ಒದ್ದೆ ನೆಲ!

ಹುಡುಕಿದರೆ ಯುಪಿಎಸ್‌ನ ಮೂರು ಪಿನ್ ಪ್ಲಗ್ ಒಂದು ಎರಡು ಪಿನ್ ಬೋರ್ಡ್‌ಗೆ ಸಿಕ್ಕಿಕೊಂಡಿತ್ತು. ಅದನ್ನು ತೆಗೆಸಿ, ಎಲೆಕ್ಟ್ರಿಷಿಯನ್ ಕರೆಸಿ, ಅರ್ತ್ ಇರುವ ಪಾಯಿಂಟ್ ಕೊಡಿಸಿದೆವು. ಅರ್ತ್ ಗುಂಡಿಯನ್ನೂ ನೋಡಿಸಿದೆವು. ನಮ್ಮ ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿದರೆ ಅರ್ತ್ ಸರಿಯಾಗಿ ಹಿಡಿಯುವುದಿಲ್ಲ. ಮಾರ್ಚ್‌ನಿಂದ ಮೇವರೆಗೆ ಗುಂಡಿಗೆ ನೀರು ಹಾಕಬೇಕು. ಯುಪಿಎಸ್‌ಗೆ ಹೊಸ 12 ವೋಲ್ಟ್ ಬ್ಯಾಟರಿ ಬಂತು. ಅದು ಹತ್ತು ನಿಮಿಷ ಕೊಟ್ಟರೆ ಸಾಕು, ಫೈಲ್ ಸೇವ್ ಮಾಡಿ ಶಟ್‌ಡೌನ್ ಮಾಡಲು. ಅದರಲ್ಲೇ ಕೂತು ಟೈಪ್ ಮಾಡುತ್ತಾ ಇರಲು ಅಲ್ಲ. ಗುಡುಗು ಕೇಳಿದರೆ ಪ್ಲಗ್ ಜೊತೆ ಇಂಟರ್ನೆಟ್ ರೂಟರ್‌ನಿಂದ ಬರುವ ಕೇಬಲ್ ಕೂಡ ಕಿತ್ತಿಡಬೇಕು. ಫೈಬರ್ ಎಳೆ ಸಿಡಿಲು ತರುವುದಿಲ್ಲ, ಆದರೆ ರೂಟರ್‌ನ ಅಡಾಪ್ಟರ್ ತರುತ್ತದೆ.

ವಿಂಡೋಸ್ ಮತ್ತೆ

ಹಳೆ ಡಿಸ್ಕ್ ಪಕ್ಕಕ್ಕೆ. ಹೊಸ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ಡಿಸ್ಕ್) ಮೇಲೆ ಹೊಸದಾಗಿ ವಿಂಡೋಸ್ 10. ನಕಲನ್ನೇ ಎಸ್‌ಎಸ್‌ಡಿಗೆ ಇಳಿಸಬಹುದಿತ್ತಲ್ಲ ಎಂದು ಮಗ ಕೇಳಿದ. ರಿಜಿಸ್ಟ್ರಿ ಫೈಲೇ ಹರಿದಿರುವಾಗ, ಮೇಲೆ ಆ ಕ್ಲೀನರ್‌ನ ಕೈಚಳಕವೂ ಇರುವಾಗ ಅದನ್ನು ಹೊತ್ತು ತರುವುದರಲ್ಲಿ ಅರ್ಥ ಇಲ್ಲ. ಡಿಸ್ಕ್ ಗಟ್ಟಿಯಾಗಿದ್ದು, ಬರೀ ಕರೆಂಟು ಹೋಗಿ ವಿಂಡೋಸ್ ಫೈಲ್ ಕೆಟ್ಟಿದ್ದಿದ್ದರೆ ದಾರಿ ಬೇರೆ ಇತ್ತು. ವಿಂಡೋಸ್‌ನಲ್ಲೇ ಇರುವ ಎರಡು ರಿಪೇರಿ ಆಜ್ಞೆಗಳು: ಮೊದಲು ಡಿಸ್ಮ್‌ನ ರಿಸ್ಟೋರ್‌ಹೆಲ್ತ್, ನಂತರ ಎಸ್‌ಎಫ್‌ಸಿ ಸ್ಕ್ಯಾನ್. ಅದೇ ಕ್ರಮದಲ್ಲಿ, ಏಕೆಂದರೆ ಎಸ್‌ಎಫ್‌ಸಿ ಬದಲಿ ಫೈಲ್ ತರುವ ಉಗ್ರಾಣವನ್ನು ಸರಿ ಮಾಡುವುದೇ ಡಿಸ್ಮ್. ಆಗ ಫಾರ್ಮ್ಯಾಟ್ ಬೇಕಾಗುವುದೇ ಅಪರೂಪ.

8 ಜಿಬಿ ಪೆನ್‌ಡ್ರೈವ್‌ನಲ್ಲಿ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಶನ್ ಟೂಲ್‌ನಿಂದ ಇನ್‌ಸ್ಟಾಲರ್ ಮಾಡಿಕೊಂಡೆ. ಕೀ ಕೇಳಿದಾಗ ‘ಇಲ್ಲ’ ಎಂದು ಮುಂದೆ ಹೋದರೆ ಸಾಕು. ಹಿಂದೆ ಆ್ಯಕ್ಟಿವೇಟ್ ಆಗಿದ್ದ ವಿಂಡೋಸ್ 10ರ ಲೈಸೆನ್ಸ್ ಮದರ್‌ಬೋರ್ಡ್ ಜೊತೆ ಗುರುತಾಗಿರುತ್ತದೆ, ಇಂಟರ್ನೆಟ್ ಸಿಕ್ಕ ಕೂಡಲೇ ತಾನಾಗಿ ಆಗುತ್ತದೆ. ಆ್ಯಂಟಿವೈರಸ್‌ಗೆ ವಿಂಡೋಸ್‌ನ ಡಿಫೆಂಡರ್ ಒಂದೇ. ಸಿಸ್ಟಮ್ ಪ್ರೊಟೆಕ್ಷನ್ ಆನ್ ಮಾಡಿ ಮೊದಲ ರಿಸ್ಟೋರ್ ಪಾಯಿಂಟ್ ಇಟ್ಟೆ. ಇನ್ನೊಂದು 4 ಜಿಬಿ ರ‍್ಯಾಮ್ ಸೇರಿಸಿದ್ದು ನನ್ನ ಒತ್ತಾಯಕ್ಕೆ.

ಎಲ್ಲ ಫೈಲ್ ಹಾಕಿ ಕೊಟ್ಟ ಮೇಲೆ ಮನೆಯ ಯಜಮಾನರ ಫೋನ್. ಭಜನಾ ಮಂಡಳಿಯ ಹಳೆ ಪತ್ರಗಳೆಲ್ಲ ಹಾಳಾಗಿವೆ, ತೆರೆದರೆ ಇಂಗ್ಲಿಷ್ ಅಕ್ಷರಗಳ ಕಸ ಬರುತ್ತಿದೆ ಎಂದು. ಯಾವುದೂ ಹಾಳಾಗಿರಲಿಲ್ಲ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನ ಹಳೆಯ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಚೂರುಗಳನ್ನು ಕೂರಿಸಿದವು. ‘ಬರಹ’ ಎಂಬ ಇನ್ನೊಂದು ಸಾಫ್ಟ್‌ವೇರ್‌ನ ಹಳೆ ಫಾಂಟ್‌ಗಳೂ ಹಾಗೆಯೇ. ಫಾಂಟ್ ಇದ್ದರೆ ಕನ್ನಡ ಕಾಣುತ್ತದೆ, ಇಲ್ಲದಿದ್ದರೆ ಕಸ. ಹಳೆ ಡಿಸ್ಕ್‌ನ ನಕಲಿನಿಂದಲೇ ಆ ಫಾಂಟ್ ಫೈಲ್‌ಗಳನ್ನು ತೆಗೆದು ಹಾಕಿದೆ, ಪತ್ರಗಳು ಮೊದಲಿನಂತೆ ಬಂದವು. ವಿಂಡೋಸ್ ಹೊಸದಾಗಿ ಹಾಕಿದ ಮೇಲೆ ಇದನ್ನು ನೋಡಿ ‘ಡೇಟಾ ಹೋಯ್ತು’ ಎಂದು ಫೈಲ್ ಅಳಿಸಿದವರಿದ್ದಾರೆ. ಮುಂದೆಯೂ ಬೇಕಾಗುವ ಪತ್ರಗಳನ್ನು ಯೂನಿಕೋಡ್‌ಗೆ (ಆ ಹಳೆ ಫಾಂಟ್ ಇಲ್ಲದೆಯೂ ಕನ್ನಡವಾಗಿಯೇ ಕಾಣುವ ವಿಧಾನ) ಬದಲಿಸಲು ಪರಿವರ್ತಕ ಹಾಕಿಕೊಟ್ಟಿದ್ದೇನೆ. ಬದಲಿಸಿದ ಮೇಲೆ ಒಮ್ಮೆ ಓದಿ ನೋಡಬೇಕು, ಒತ್ತಕ್ಷರಗಳು ಅಲ್ಲಲ್ಲಿ ಜಗಳ ಮಾಡುತ್ತವೆ.

ಈಗ

ಕ್ಯಾಬಿನೆಟ್ ಚಾವಡಿಯಿಂದ ಒಳಕೋಣೆಗೆ ಹೋಗಿದೆ, ಮೇಜಿನ ಮೇಲೆ, ಗೋಡೆಯಿಂದ ಒಂದು ಗೇಣು ದೂರ. ಪ್ಲಾಸ್ಟಿಕ್ ಹೊದಿಕೆ ತೆಗೆಸಿದೆ, ಅದು ತೇವವನ್ನು ಒಳಗೇ ಕೂಡಿಡುತ್ತದೆ. ಮಳೆಗಾಲದಲ್ಲಿ ಕೆಲಸ ಇರಲಿ ಬಿಡಲಿ ದಿನಕ್ಕೊಂದು ಗಂಟೆ ಆನ್ ಇಡಲು ಹೇಳಿದ್ದೇನೆ. ಒಳಗಿನ ಬಿಸಿಯೇ ತೇವ ಓಡಿಸುತ್ತದೆ. ಮಳೆ ಬರುವ ಮೊದಲೊಮ್ಮೆ, ದೀಪಾವಳಿ ಹೊತ್ತಿಗೊಮ್ಮೆ ಧೂಳು ತೆಗೆದರೆ ಸಾಕು.

ಲೆಕ್ಕದ ಫೈಲ್ ಈಗ ಮೂರು ಕಡೆ ಇದೆ: ಕಂಪ್ಯೂಟರ್‌ನಲ್ಲಿ, ಗೂಗಲ್ ಡ್ರೈವ್‌ನಲ್ಲಿ, ಮತ್ತು ಒಂದು ಹೊರಗಿನ ಡಿಸ್ಕ್‌ನಲ್ಲಿ. ಡಿಸ್ಕ್ ಇರುವುದು ಮಗಳ ಮನೆಯಲ್ಲಿ, ಅವಳು ಬಂದಾಗ ತರುತ್ತಾಳೆ. ಎಕ್ಸೆಲ್ ಫೈಲ್ ಎಷ್ಟು ಬೆಳೆದರೂ ಗೂಗಲ್ ಕೊಡುವ 15 ಜಿಬಿಯ ಮೂಲೆಯನ್ನೂ ತುಂಬಿಸುವುದಿಲ್ಲ. ಫೋಟೋಗಳಿಗೆ ಮಾತ್ರ ಆ ಜಾಗ ಸಾಲದು.

ಬಾಕಿ ಉಳಿದದ್ದು ವಿಂಡೋಸ್ 10ರ ಪ್ರಶ್ನೆ. ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್‌ನ ಎಂಟನೇ ಪೀಳಿಗೆಯ ಪ್ರೊಸೆಸರ್ ಬೇಕು, ಇದು ಏಳನೆಯದು. ಅಡ್ಡದಾರಿಯಲ್ಲಿ ಹಾಕಿಕೊಡುವವರಿದ್ದಾರೆ, ನಾನು ಹಾಕುವುದಿಲ್ಲ. ಬ್ಯಾಂಕಿನ ಕೆಲಸ ನಡೆಯುವ ಯಂತ್ರದಲ್ಲಿ ಮುಂದಿನ ಅಪ್‌ಡೇಟ್ ಬರುತ್ತದೋ ಇಲ್ಲವೋ ಎಂಬ ಸಂಶಯ ಬೇಡ. ಮೈಕ್ರೋಸಾಫ್ಟ್ ಖಾತೆಯಿಂದ ಸೈನ್ ಇನ್ ಆಗಿ ಸೆಟ್ಟಿಂಗ್‌ಗಳ ಬ್ಯಾಕಪ್ ಇಟ್ಟುಕೊಂಡರೆ ಹಣವಿಲ್ಲದೆ 2026ರ ಅಕ್ಟೋಬರ್ 13ರವರೆಗೆ ಸುರಕ್ಷತಾ ಅಪ್‌ಡೇಟ್ ಸಿಗುವ ವ್ಯವಸ್ಥೆ ಇದೆ, ಅದನ್ನು ಮಾಡಿಸಿದ್ದೇವೆ. ಆಮೇಲೆ ವಿಂಡೋಸ್ ಬದಲು ಉಚಿತವಾದ ಲಿನಕ್ಸ್ ಮಿಂಟ್ ಎಂದು ಮಾತಾಗಿದೆ. ಲೆಕ್ಕದ ಫೈಲನ್ನು ಅಲ್ಲಿ ಎಕ್ಸೆಲ್ ಬದಲು ಬಳಸುವ ಲಿಬ್ರೆ ಆಫೀಸ್‌ನಲ್ಲಿ ತೆರೆದು ನೋಡಿಯಾಗಿದೆ. ಅಟ್ಟೆ ಲೆಕ್ಕದ ಫಾರ್ಮುಲಾಗಳು ಸರಿಯಾಗಿವೆ, ಪ್ರಿಂಟ್‌ನಲ್ಲಿ ಕಾಲಮ್ ಅಗಲ ಸ್ವಲ್ಪ ಆಚೀಚೆ. ಹೊಸ ಕಂಪ್ಯೂಟರೇ ತೆಗೆದುಕೊಳ್ಳೋಣ ಎಂಬುದು ಮಗನ ವಾದ. ಅಮ್ಮ ಇನ್ನೂ ಒಪ್ಪಿಲ್ಲ.